ಸೋಮವಾರದ ಮಿಸ್ಡ್ ಕಾಲ್

ನನಗೆ ಹತ್ತಾರು ಜನರ ಕೈಬರಹ ಬರುತ್ತದೆ. ಇದು ಜಂಬವಲ್ಲ, ಕಸುಬು ಕಲಿಸಿದ್ದು. ಕೆ.ಆರ್. ನಗರದ ಬಸ್ ಸ್ಟ್ಯಾಂಡ್ ಎದುರು ಆರಡಿ ಅಗಲದ ಮೊಬೈಲ್ ಅಂಗಡಿ ನನ್ನದು. ಮುಂದೆ ಗಾಜಿನ ಕೌಂಟರು, ಅದರೊಳಗೆ ಚಾರ್ಜರು, ಬ್ಯಾಟರಿ, ಪೌಚು. ಹಿಂದೆ ಸ್ಟೂಲಿನ ಮೇಲೆ ನಾನು. ಸಿಮ್ ಮಾರುವುದು, ಕರೆನ್ಸಿ ಹಾಕುವುದು, ನೀರಿಗೆ ಬಿದ್ದ ಸೆಟ್ಟನ್ನು ಅಕ್ಕಿ ಡಬ್ಬದಲ್ಲಿ ಹೂತಿಡುವುದು, ಇಷ್ಟೇ ಕೆಲಸ. ಶುರುವಿನಲ್ಲಿ ಸಿಮ್ ಕೊಡುವುದು ಬೆಂಕಿಪೊಟ್ಟಣ ಕೊಟ್ಟಷ್ಟೇ ಸಲೀಸಾಗಿತ್ತು. ಫಾರಂ ಅಂತ ಒಂದಿತ್ತು ನಿಜ, ಅದನ್ನು ನಾನೇ ತುಂಬಿ, ಗಿರಾಕಿಯ ಸಹಿಯನ್ನು ನಾನೇ ಹಾಕಿ, ಕಂಪನಿಗೆ ಕಳಿಸುತ್ತಿದ್ದೆ. ಅವಸರದಲ್ಲಿ ಎಷ್ಟೋ ಫಾರಂ ಕಳಿಸುತ್ತಲೇ ಇರಲಿಲ್ಲ.

ಎರಡು ಸಾವಿರದ ಏಳನೇ ಇಸವಿಯಲ್ಲಿ ಅದಕ್ಕೆಲ್ಲ ಕತ್ತರಿ ಬಿತ್ತು. ಯಾವ ನಂಬರು ಯಾರ ಕೈಲಿದೆ ಅನ್ನುವುದು ಸರ್ಕಾರಕ್ಕೆ ಗೊತ್ತಿರಬೇಕು, ಕರೆನ್ಸಿ ಹಾಕಿಸುವ ಪ್ರತಿಯೊಂದು ನಂಬರಿಗೂ ಫಾರಂ, ಫೋಟೋ, ಗುರುತಿನ ಚೀಟಿ ಇರಬೇಕು, ಮಾರ್ಚ್ ಮೂವತ್ತೊಂದರೊಳಗೆ ಇಲ್ಲದಿದ್ದರೆ ನಂಬರು ಬಂದ್. ಮೈಸೂರಿನ ಡಿಸ್ಟ್ರಿಬ್ಯೂಟರ್ ಶಿವನಂಜಪ್ಪ ಸುತ್ತಲ ತಾಲ್ಲೂಕುಗಳ ಅಂಗಡಿಯವರನ್ನೆಲ್ಲ ಹುಣಸೂರಿನ ಒಂದು ಲಾಡ್ಜಿಗೆ ಕರೆಸಿ, ಬೋಂಡ ತಿನ್ನಿಸಿ, ತಲೆಗೊಂದು ಕಟ್ಟು ಫಾರಂ ಹೊರಿಸಿ ಕಳಿಸಿದ. "ಸುಳ್ಳು ದಾಖಲೆ ಕೊಟ್ರೆ ಕೇಸು ಆಯ್ತದೆ, ನೆಪ್ಪಿಟ್ಕೊಳ್ಳಿ" ಅಂದ. ನಾವೆಲ್ಲ ತಲೆ ಆಡಿಸಿದೆವು. ಊರಿಗೆ ಬಂದು ಸುಳ್ಳು ದಾಖಲೆ ಬರೆಯಲು ಕೂತೆವು.

ಬೇರೆ ದಾರಿಯಾದರೂ ಏನಿತ್ತು? ಸಿಮ್ ಒಬ್ಬನ ಹೆಸರಲ್ಲಿ, ಮಾತಾಡುವವನು ಇನ್ನೊಬ್ಬ, ಫೋಟೋ ಮೂರನೆಯವನದು. ನಾನು ಆ ಎರಡು ತಿಂಗಳಲ್ಲಿ ಮುನ್ನೂರು ಚಿಲ್ಲರೆ ಫಾರಂ ಕಳಿಸಿದೆ. ಅದರಲ್ಲಿ ಅರ್ಧಕ್ಕರ್ಧ ನನ್ನದೇ ಸಹಿ. ಎಡಗೈಯಲ್ಲಿ ಹಾಕಿದ್ದು, ಬಲಗೈಯಲ್ಲಿ ಹಾಕಿದ್ದು, ಮುದುಕರ ಕೈ ನಡುಗಿದಂತೆ ಹಾಕಿದ್ದು. ಒಂದೂ ತಿರಸ್ಕಾರವಾಗಲಿಲ್ಲ. ಎಲ್ಲವೂ ನೆಟ್ಟಗಿದ್ದ, ಸ್ವಂತ ಫೋಟೋ, ಸ್ವಂತ ಓಟರ್ ಕಾರ್ಡು, ಸ್ವಂತ ಸಹಿ ಇದ್ದ ಒಂದೇ ಒಂದು ಫಾರಮನ್ನು ಮಾತ್ರ ನಾನು ಕಳಿಸಲಿಲ್ಲ. ಅದು ನಮ್ಮತ್ತೆಯದು.

ಅತ್ತೆ ಸುನಂದಮ್ಮ ಅಂದರೆ ನಮ್ಮಪ್ಪನ ಒಡಹುಟ್ಟಿದ ತಂಗಿ. ಹೊಸ ಅಗ್ರಹಾರದ ಹತ್ತಿರದ ಹಳ್ಳಿಯಲ್ಲಿ ಅವಳ ಮನೆ. ಗಂಡ ಜವರಯ್ಯನವರಿಗೆ ನಾಲೆ ಬಯಲಿನಲ್ಲಿ ಮೂರೆಕರೆ ಗದ್ದೆ, ಎರಡು ಹಸು. ಒಬ್ಬಳೇ ಮಗಳು, ರೂಪಶ್ರೀ. ಅವಳು ನನಗೆ ಅಂತ ನಮ್ಮಿಬ್ಬರ ಮನೆಯವರೂ ಅವಳು ಲಂಗ ಹಾಕುವ ಕಾಲದಲ್ಲೇ ಆಡಿಕೊಂಡಿದ್ದರು. ನನ್ನನ್ನು ಬಾವ ಬಾವ ಅಂತ ಕರೆಯುತ್ತಲೇ ಬೆಳೆದಳು. ನಾನು ಅದನ್ನು ಬೇರೆ ಥರ ಕೇಳಿಸಿಕೊಳ್ಳುತ್ತ ಬೆಳೆದೆ. ಎರಡು ಸಾವಿರದ ಆರರಲ್ಲಿ ವೀಳ್ಯಶಾಸ್ತ್ರ ಆಯಿತು, ಧಾರೆ ಸೀರೆ ತಂದಾಯಿತು, ಲಗ್ನಪತ್ರಿಕೆ ಹಂಚುವುದೂ ಮುಗಿಯುತ್ತ ಬಂದಿತ್ತು. ಮದುವೆಗೆ ಹನ್ನೊಂದು ದಿನ ಇದೆ ಅನ್ನುವಾಗ, ಕಬ್ಬು ಸಾಗಿಸಲು ಬಂದಿದ್ದ ಎಚ್.ಡಿ. ಕೋಟೆ ಕಡೆಯ ಸ್ವಾಮಿ ಅನ್ನುವ ಟ್ರ್ಯಾಕ್ಟರ್ ಡ್ರೈವರಿನ ಜೊತೆ ಹೊರಟುಹೋದಳು. ನಮ್ಮ ಜನದವನಲ್ಲ. ಎಲ್ಲಿಗೆ ಹೋದರು ಅನ್ನುವುದೂ ಯಾರಿಗೂ ತಿಳಿಯಲಿಲ್ಲ.

ಹಂಚಿದ ಪತ್ರಿಕೆ ವಾಪಸ್ ಕೇಳುವ ಹಾಗಿಲ್ಲವಲ್ಲ. ಅಂಗಡಿಗೆ ಬಂದವರೆಲ್ಲ ಕರೆನ್ಸಿ ಹಾಕಿಸಿಕೊಂಡು, ಚಿಲ್ಲರೆ ತೆಗೆದುಕೊಂಡು, ಒಂದು ಗಳಿಗೆ ಸುಮ್ಮನೆ ನಿಂತು ನನ್ನ ಮುಖ ನೋಡಿ ಹೋಗುತ್ತಿದ್ದರು. ಎದುರಿನ ಟೀ ಅಂಗಡಿಯ ಸೋಮಯ್ಯ ಎರಡು ತಿಂಗಳು ನನ್ನ ಹತ್ತಿರ ಟೀಗೆ ದುಡ್ಡೇ ತೆಗೆದುಕೊಳ್ಳಲಿಲ್ಲ. ಆ ಕನಿಕರ ನನ್ನ ಹೊಟ್ಟೆ ಉರಿಸಿದಷ್ಟು ಬೇರೇನೂ ಉರಿಸಲಿಲ್ಲ.

ಮಾವ ಜವರಯ್ಯನವರು ಅಂದೇ ಅತ್ತೆಯ ಕೈ ಹಿಡಿದು ದೇವರ ಮುಂದೆ ಕೂರಿಸಿ ದೀಪ ಮುಟ್ಟಿಸಿದರು. "ಇನ್ನು ಅವಳ ಕೂಡೆ ಒಂದು ಮಾತಾಡುದ್ರೂ ನನ್ನೆಣ ನೋಡ್ದಂಗೆ" ಅಂತ ಆಣೆ ಹಾಕಿಸಿದರು. ಅತ್ತೆ ದೀಪ ಮುಟ್ಟಿದಳು. ನಾನೂ ಅಲ್ಲೇ ನಿಂತಿದ್ದೆ, ಒಳ್ಳೆಯದೇ ಆಯಿತು ಅಂದುಕೊಂಡೆ.

ಆ ಮನೆಗೆ ಇದ್ದದ್ದು ಒಂದೇ ಮೊಬೈಲು. ರೂಪ ಕಾಲೇಜಿಗೆ ಹೋಗುವಾಗ ನನ್ನ ಅಂಗಡಿಯಲ್ಲೇ ತೆಗೆದುಕೊಂಡದ್ದು, ಸಿಮ್ ಅವಳದೇ ಹೆಸರಲ್ಲಿತ್ತು. ಹೋಗುವಾಗ ಅದನ್ನು ಅಡಿಗೆಮನೆಯ ಗೂಡಿನಲ್ಲಿ ಬಿಟ್ಟು ಹೋಗಿದ್ದಳು. ಮಾವ ಅದನ್ನು ಮುಟ್ಟುತ್ತಿರಲಿಲ್ಲ.

ಫೆಬ್ರವರಿಯಲ್ಲಿ ಒಂದು ದಿನ ಅತ್ತೆ ಅಂಗಡಿಗೆ ಬಂದಳು. ಒಳ್ಳೆಯ ಸೀರೆ ಉಟ್ಟು, ಎಣ್ಣೆ ಹಚ್ಚಿ ತಲೆ ಬಾಚಿ, ಸ್ಟುಡಿಯೋಗೆ ಹೋಗಿ ಫೋಟೋ ತೆಗೆಸಿಕೊಂಡೇ ಬಂದಿದ್ದಳು. ಸೆರಗಿನ ಗಂಟಿನಿಂದ ಓಟರ್ ಕಾರ್ಡು ತೆಗೆದು ಕೌಂಟರಿನ ಮೇಲಿಟ್ಟಳು.

"ಶಿವ, ಈ ಪೋನು ಕಟ್ಟಾಯ್ತದಂತಲ್ಲಪ್ಪ? ಡೈರಿ ಸೆಕ್ರೆಟ್ರಿ ಅಂದ್ರು. ನನ್ನೆಸರಿಗೆ ಮಾಡ್ಕೊಟ್ಬುಡು. ನಂಬರು ಮಾತ್ರ ಅದೇ ಇರ್ಬೇಕು."

"ನಂಬರು ಯಾವ್ದಾದ್ರೇನತ್ತೆ? ಹೊಸ ಸಿಮ್ ಕೊಡ್ತೀನಿ, ಇಷ್ಟೆಲ್ಲ ತಾಪತ್ರಯ ಯಾಕೆ?" ಅಂದೆ.

ಅತ್ತೆ ಹಿಂದೆ ಮುಂದೆ ನೋಡಿ ಕೌಂಟರಿನ ಮೇಲೆ ಬಗ್ಗಿದಳು. ಅವಳ ಮುಖದಲ್ಲಿ ಅಷ್ಟು ಬೆಳಕನ್ನು ನಾನು ಆರೇಳು ತಿಂಗಳಿಂದ ನೋಡಿರಲಿಲ್ಲ.

"ಯಾರ್ಗೂ ಏಳ್ಬ್ಯಾಡ ಕಣಪ್ಪ. ಸೋಮವಾರ ಸೋಮವಾರ ಬೆಳಿಗ್ಗೆ ನಿಮ್ಮಾವ ಡೈರಿಗೆ ಆಲು ತಕ್ಕೊಂಡು ಓಗಿರ್ತರಲ್ಲ, ಆಗ ಒಂದ್ಸಲ ಬಡ್ಕಂಡು ನಿಂತೋಯ್ತದೆ. ರೂಪನೇಯ. ಇದೀನಿ ಕಣವ್ವ ಅಂತ ಅಷ್ಟೇ. ನಾನು ಎತ್ತಲ್ಲ. ಎತ್ತಲಿ ಅಂತ ಅವಳೂ ಮಾಡಲ್ಲ. ಆಮ್ಯಾಕೆ ನಾನು ಅಸ್ರು ಗುಂಡಿ ಎರಡ್ಸಲ ಒತ್ತೀನಿ. ಅಲ್ಲಿ ಬಡ್ಕಳ ಸದ್ದು ಕೇಳ್ತಿದ್ದಂಗೆ ಕೆಂಪ್ಗುಂಡಿ ಒತ್ಬುಡ್ತೀನಿ. ನಾನೂ ಇದೀನಿ ಅಂತ."

"ಆಣೆ ಮಾಡಿದ್ದೀಯಲ್ಲತ್ತೆ."

"ಮಾತಾಡಲ್ಲ ಅಂತ ತಾನೆ ಮಾಡಿರದು? ಬಡ್ಕಂಡುದ್ದ ಕೇಳುಸ್ಕಳಲ್ಲ ಅಂತ ಮಾಡಿಲ್ವಲ್ಲ" ಅಂದಳು. ಇದನ್ನು ಅವಳು ತಮಾಷೆಗೆ ಹೇಳಲಿಲ್ಲ. ದೀಪದ ಮುಂದೆ ಕೂತು ಹಿಂದೆ ಮುಂದೆ ಯೋಚಿಸಿಯೇ ಈ ತೀರ್ಮಾನಕ್ಕೆ ಬಂದಿದ್ದಳು.

ಇನ್ನೂ ಒಂದು ವಿಷಯವಿತ್ತು. ಊರೂರು ತಿರುಗಿ ಬಳೆ ಮಾರುವ ಪುಟ್ಟತಾಯಮ್ಮ ಎಚ್.ಡಿ. ಕೋಟೆ ಬಸ್ ಸ್ಟ್ಯಾಂಡಿನಲ್ಲಿ ರೂಪನನ್ನು ನೋಡಿದ್ದಳಂತೆ. ಆರು ತಿಂಗಳ ಬಸುರಿ, ಕಾಲು ಬಾತಿದೆ, ಮುಖ ಬಿಳಿಚಿದೆ. ಎಲ್ಲಿದ್ದೀಯ ಅಂತ ಕೇಳುವಷ್ಟರಲ್ಲಿ ಬಸ್ಸು ಹೊರಟಿತಂತೆ.

"ಎರಿಗೆ ಆದ ದಿವ್ಸ ಬುಡದಂಗೆ ಬಡ್ಕತದೆ, ನಂಗೊತ್ತು. ಆವತ್ತು ಎತ್ತೀನಿ. ಎಲ್ಲಿದೀಯ ಅಂತ ಒಂದು ಮಾತು ಕೇಳ್ಕಂಡು ಒಂಟೋಯ್ತೀನಿ. ಒಂದು ಮಾತಿಗೆ ದ್ಯಾವ್ರು ಮಾಪಿ ಮಾಡ್ತನೆ. ಮೊದಲ್ನೆ ಬಾಣಂತನ ನಾನು ಮಾಡ್ದೆ ಇನ್ಯಾರಪ್ಪ ಮಾಡರು?" ಅಂದಳು. ಆಮೇಲೆ ನನ್ನ ಕೈ ಮುಟ್ಟಿ, "ನಿನ್ನ ಮುಂದೆ ಇದ ಆಡ್ಬಾರ್ದಿತ್ತು. ಆದ್ರೆ ನಿನ್ನ ಬುಟ್ರೆ ನಂಗ್ಯಾರವ್ರೆ" ಅಂದಳು.

ಫಾರಂ ತುಂಬಿದೆ. ಹೆಸರು, ಗಂಡನ ಹೆಸರು, ಊರು, ಅಂಚೆ. ಫೋಟೋ ಅಂಟಿಸಿದೆ. ಅತ್ತೆ ನಾಲಿಗೆಯನ್ನು ಹಲ್ಲಿನ ನಡುವೆ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ 'ಸುನಂದಮ್ಮ' ಅಂತ ಬರೆದಳು. ಮೂರು ನಿಮಿಷ ಹಿಡಿಯಿತು. ಓದು ಅವಳಿಗೆ ಅಷ್ಟೇ ಬರುತ್ತಿದ್ದುದು, ಅಂಕಿಯಂತೂ ಬರುತ್ತಲೇ ಇರಲಿಲ್ಲ. "ಆಯ್ತಾ?" ಅಂದಳು. "ಆಯ್ತು ಹೋಗತ್ತೆ, ನಾನು ನೋಡ್ಕೋತೀನಿ" ಅಂದೆ.

ಅವಳು ಹೋದ ಮೇಲೆ ಫಾರಮನ್ನು ಡ್ರಾಯರಿಗೆ ಹಾಕಿದೆ. ಮರೆತು ಹಾಕಿದ್ದಲ್ಲ. ಮರೆತೆ ಅಂತ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡು ನೋಡಿದ್ದೇನೆ, ನಂಬಿಕೆ ಬಂದಿಲ್ಲ. ರೂಪ ಬಸುರಿ ಅಂತ ಕೇಳಿದ ಕೂಡಲೇ ನನ್ನೊಳಗೆ ಏನೋ ಕೊಳೆತ ಹಾಗಾಯಿತು. ನನ್ನ ಮರ್ಯಾದೆ ಬೀದಿಪಾಲು ಮಾಡಿ ಹೋದವಳು ವಾರವಾರ ತಾಯಿಗೆ ಕುಶಾಲಿನಿಂದ ಫೋನು ಬಾರಿಸುತ್ತಾಳೆ, ತಾಯಿ ಬಾಣಂತನಕ್ಕೆ ಹೊರಡುತ್ತಾಳೆ, ಎಲ್ಲ ಸರಿಹೋಗುತ್ತದೆ, ನಾನೊಬ್ಬ ಮಾತ್ರ ಈ ಸ್ಟೂಲಿನ ಮೇಲೆ ಕೂತಿರುತ್ತೇನೆ. ಆಗಲಿ ನೋಡೋಣ ಅಂದುಕೊಂಡೆ. ಶಿವನಂಜಪ್ಪನ ಹುಡುಗ ಫಾರಂ ಕಟ್ಟು ಒಯ್ಯಲು ಮೂರು ಸಲ ಬಂದ. ಮೂರು ಸಲವೂ ಡ್ರಾಯರು ತೆರೆದು, ಮೇಲಿದ್ದ ಆ ಫಾರಮನ್ನು ಪಕ್ಕಕ್ಕೆ ಸರಿಸಿ, ಉಳಿದದ್ದನ್ನು ಎತ್ತಿಕೊಟ್ಟೆ.

ಏಪ್ರಿಲ್ ಮೊದಲ ವಾರ ಅತ್ತೆ ಫೋನು ಹಿಡಿದುಕೊಂಡು ಬಂದಳು. ಕಡ್ಡಿ ಒಂದೂ ಕಾಣುತ್ತಿಲ್ಲ ಅಂದಳು. ನೋಡಿದೆ. ನಂಬರು ಬಂದ್ ಆಗಿತ್ತು. ಆಗಲೂ ಹೇಳಬಹುದಿತ್ತು. ಶಿವನಂಜಪ್ಪನ ಕಾಲು ಹಿಡಿದಿದ್ದರೆ ಅದೇ ನಂಬರು ವಾಪಸ್ ಬರುತ್ತಿತ್ತು, ಆ ತಿಂಗಳು ಎಷ್ಟೋ ಜನಕ್ಕೆ ಹಾಗೆ ಬಂದಿದೆ. ನಾನು ಹೊಸ ಸಿಮ್ ಒಂದನ್ನು ಕಿತ್ತು ತೆಗೆದೆ.

ಹಾಕುವ ಮೊದಲು ಫೋನಿನಲ್ಲಿ ಬಂದ ಕರೆಗಳ ಪಟ್ಟಿ ಕಣ್ಣಿಗೆ ಬಿತ್ತು. ಒಂದೇ ನಂಬರು, ಸಾಲಾಗಿ, ಏಳೇಳು ದಿನಕ್ಕೊಂದು. ಅಂಥ ಸೆಟ್ಟಿಗೆ ಬೇರೆ ಸಿಮ್ ಹಾಕಿದರೆ ಆ ಪಟ್ಟಿ ಅಳಿಸಿಹೋಗುತ್ತದೆ ಅನ್ನುವುದು ನನಗೆ ಗೊತ್ತಿಲ್ಲದ ವಿಷಯವಲ್ಲ. ಒಂದು ಚೀಟಿಯ ಮೇಲೆ ಬರೆದುಕೊಳ್ಳಲು ಎಷ್ಟು ಹೊತ್ತು? ಪೆನ್ನು ಜೇಬಿನಲ್ಲೇ ಇತ್ತು. ಸಿಮ್ ಹಾಕಿ ಮುಚ್ಚಳ ಮುಚ್ಚಿದೆ.

"ಅದೇ ನಂಬರಾ ಶಿವ?"

"ಅದೇ ಅತ್ತೆ."

ಡೈರಿ ಸೆಕ್ರೆಟ್ರಿಗೆ, ನಮ್ಮಪ್ಪನಿಗೆ, ಇನ್ನೊಂದಿಬ್ಬರು ನೆಂಟರಿಗೆ ಹೊಸ ನಂಬರನ್ನು ನಾನೇ ಕೊಟ್ಟೆ. ಹಾಗಾಗಿ ಆ ಫೋನಿಗೆ ಆಗೊಂದು ಈಗೊಂದು ಕರೆ ಬರುತ್ತಲೇ ಇತ್ತು. ಅತ್ತೆಗೆ ಅನುಮಾನ ಬರಲು ಕಾರಣವೇ ಇರಲಿಲ್ಲ.

ಮೇ ತಿಂಗಳಲ್ಲಿ ಬಂದಳು. "ನಾಕು ಸೋಮವಾರ ಆಯ್ತು ಕಣಪ್ಪ, ಬಡ್ಕಳ್ನೇ ಇಲ್ಲ. ಕೆಟ್ಟೋಗದ ನೋಡು." ನಾನು ಅಂಗಡಿಯ ಫೋನಿನಿಂದ ಅವಳ ನಂಬರಿಗೆ ಹಚ್ಚಿದೆ. ಅವಳ ಅಂಗೈಯೊಳಗೆ ಅದು ಕುಣಿಯುತ್ತ ಬಾರಿಸಿತು. "ನೋಡು, ಚೆನ್ನಾಗೇ ಇದೆಯಲ್ಲ" ಅಂದೆ. ಅವಳು ಅದನ್ನೇ ನೋಡುತ್ತ, "ಊಂ, ಚೆನ್ನಾಗದೆ" ಅಂದಳು. ಜೂನಿನಲ್ಲಿ ಬಂದಳು, ಹಾಗೆಯೇ ಬಾರಿಸಿ ತೋರಿಸಿದೆ. ಜುಲೈನಲ್ಲಿ ಬಂದಾಗ ಬಾರಿಸಿ ನೋಡು ಅಂತ ಅವಳು ಕೇಳಲಿಲ್ಲ. ಮುಖ ಸಣ್ಣಗೆ ಮಾಡಿಕೊಂಡು ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತು ಎದ್ದುಹೋದಳು. ಆವತ್ತಿನಿಂದ ಹೇಳಿಬಿಡೋಣ ಅನ್ನಿಸುತ್ತಿತ್ತು. ಹೇಳಿದರೆ ಏಪ್ರಿಲ್ಲಿನ ಸುಳ್ಳನ್ನೂ ಹೇಳಬೇಕು, ಮೇ ತಿಂಗಳದನ್ನೂ ಹೇಳಬೇಕು. ದಿನ ಕಳೆದಷ್ಟೂ ಹೇಳಬೇಕಾದದ್ದು ಹೆಚ್ಚಾಗುತ್ತ ಹೋಯಿತು.

ಅಕ್ಟೋಬರ್ ಮೊದಲ ವಾರ, ಮಹಾಲಯ ಅಮಾವಾಸ್ಯೆಗೆ ನಾಲ್ಕು ದಿನ ಇರುವಾಗ, ಅತ್ತೆ ಅಂಗಡಿಗೆ ಬಂದಳು. ಕೈಯಲ್ಲಿ ಫೋನಿರಲಿಲ್ಲ.

"ಶಿವ, ಒಂದು ಸೀರೆ ತಕ್ಕಬೇಕು. ವಸಿ ಜೊತೇಲಿ ಬಾ."

"ಯಾರಿಗತ್ತೆ?"

"ಎಡೆಗೆ."

ಅಮಾವಾಸ್ಯೆಯ ದಿನ ಸತ್ತವರಿಗೆಲ್ಲ ಹೊಸಬಟ್ಟೆ ಇಟ್ಟು ಎಡೆ ಹಾಕುವುದು ನಮ್ಮಲ್ಲಿ ಪದ್ಧತಿ. ತೀರಿಹೋದ ಅವಳ ಅತ್ತೆಗೆ ಇಡುವ ಸೀರೆ ಇರಬೇಕು ಅಂದುಕೊಂಡು ಜೊತೆಗೆ ಹೋದೆ. ಜವಳಿ ಅಂಗಡಿಯಲ್ಲಿ ಮುದುಕಿಯರು ಉಡುವಂಥ ಬಣ್ಣದ ಸೀರೆಗಳನ್ನು ಹರವಿದರು. ಅತ್ತೆ ಅವನ್ನೆಲ್ಲ ಪಕ್ಕಕ್ಕೆ ಸರಿಸಿದಳು.

"ಇವಲ್ಲ. ಚಿಕ್ಕೋರು ಉಡಂತವು ತೋರ್ಸಿ" ಅಂದು ನನ್ನ ಕಡೆ ತಿರುಗಿದಳು. "ಧಾರೆ ಸೀರೆ ತರಕ್ಕೆ ನೀನೂ ಬಂದಿದ್ದಲ್ಲ. ಅವಳ್ಗೆ ಯಾವ ಬಣ್ಣ ಇಷ್ಟ ಅಂತ ನಿಂಗೊತ್ತು. ನೀನೇ ತೆಗಿ."

"ರೂಪಂಗಾ?" ಅಂದೆ.

"ಎರಿಗೇಲೇ ಓಗ್ಬುಟ್ಟವಳೆ ಕಣಪ್ಪ" ಅಂದಳು. ದನಿ ತಗ್ಗಿಸಿ, ಅಂಗಡಿಯವರಿಗೆ ಕೇಳದಂತೆ. "ಕಾಲು ಬಾತಿತ್ತು ಅಂದಿದ್ಲಲ್ಲ ಪುಟ್ಟತಾಯಿ. ಇದ್ದಿದ್ರೆ ಒಂದು ಸೋಮವಾರನೂ ತಪ್ಪುಸ್ತಿರ್ಲಿಲ್ಲ. ನಿಮ್ಮಾವಂಗೆ ಗೊತ್ತಿಲ್ಲ. ಅತ್ತೆ ಸೀರೆ ಅಂತ ಏಳ್ಬುಟ್ಟು ಮಡಗ್ತೀನಿ. ಬಾಯ್ಬುಟ್ಟು ಅಳಂಗೂ ಇಲ್ಲ, ಎಡೆನಾದ್ರೂ ಇಕ್ದೆ ಇದ್ರೆ ಅದು ಎಲ್ಲಿ ಅಲೀತಿದ್ದದು?"

ಅಂಗಡಿಯವನು ಸೀರೆಗಳನ್ನು ಹರವುತ್ತ, "ಮಗಳಿಗೇನಮ್ಮ?" ಅಂತ ಕೇಳಿದ. ಅತ್ತೆ "ಊಂ" ಅಂದಳು. ನಾನು ಗಿಳಿಹಸಿರು ಬಣ್ಣದ ಒಂದನ್ನು ಕೈಯಿಟ್ಟು ತೋರಿಸಿದೆ. ಆ ಕೈಯನ್ನು ಅಲ್ಲೇ ಕಡಿದು ಹಾಕಬೇಕು ಅನ್ನಿಸಿತು. ಬದುಕಿರುವ ಮಗಳಿಗೆ ಎಡೆ ಸೀರೆ ಕೊಳ್ಳುತ್ತಿದ್ದಾಳೆ, ಬಣ್ಣ ಆರಿಸಿಕೊಡುತ್ತಿರುವವನು ನಾನು. ಬದುಕಿದ್ದಾಳೋ ಇಲ್ಲವೋ ನನಗಾದರೂ ಏನು ಗೊತ್ತು? ನಿಜಕ್ಕೂ ಹೋಗಿಬಿಟ್ಟಿದ್ದರೆ? ಅತ್ತೆಯನ್ನು ಬಸ್ಸು ಹತ್ತಿಸಿ ಬಂದವನು ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಅತ್ತುಬಿಟ್ಟೆ.

ಏನು ಮಾಡಲೂ ತೋಚದೆ, ಹಳೇ ನಂಬರಿಗೆ ಹಚ್ಚಿದೆ. ಈ ನಂಬರು ಚಾಲ್ತಿಯಲ್ಲಿಲ್ಲ ಅಂತ ಹೇಳುವ ಹೆಂಗಸಿನ ದನಿಯನ್ನಾದರೂ ಕೇಳಿ ಬೈಸಿಕೊಂಡಂತಾಗಲಿ ಅನ್ನುವ ಹುಚ್ಚು. ಅದು ರಿಂಗಾಯಿತು. ಗಂಡಸೊಬ್ಬ "ಹಲೋ" ಅಂದ.

ಬಂದ್ ಆದ ನಂಬರನ್ನು ಕಂಪನಿಯವರು ಕೆಲವು ತಿಂಗಳ ಮೇಲೆ ಇನ್ನೊಬ್ಬರಿಗೆ ಮಾರುತ್ತಾರೆ. ಇದು ಕೊಪ್ಪದ ಶುಂಠಿ ವ್ಯಾಪಾರಿ ಮುದ್ದಯ್ಯ ಅನ್ನುವವರ ಪಾಲಿಗೆ ಬಂದಿತ್ತು. ಸೋಮವಾರ ಬೆಳಿಗ್ಗೆ ಯಾವುದಾದರೂ ಮಿಸ್ಡ್ ಕಾಲ್ ಬರುತ್ತದಾ ಅಂತ ಕೇಳಿದೆ.

"ಬರ್ತಿತ್ತು. ನೀವ್ಯಾರು?"

"ಆ ನಂಬರು ಕೊಡಿ ಸಾರ್, ತುಂಬ ಅರ್ಜೆಂಟಿದೆ."

"ಯಾರೋ ಹೆಣ್ಮಗಳ ನಂಬರು ಫೋನಲ್ಲಿ ಕೇಳಿದೋರಿಗೆಲ್ಲ ಕೊಡಕ್ಕಾಗಲ್ಲ ಕಣ್ರೀ. ಬೇಕಾದ್ರೆ ಎದುರಿಗೆ ಬನ್ನಿ, ಮುಖ ನೋಡಿ ಮಾತಾಡ್ತೀನಿ" ಅಂತ ಇಟ್ಟುಬಿಟ್ಟರು.

ಮಾರನೇ ದಿನ ಬೆಳಿಗ್ಗೆಯೇ ಹೊರಟೆ. ಹುಣಸೂರಿನಲ್ಲಿ ಬಸ್ಸು ಬದಲಾಯಿಸಿ, ಪಿರಿಯಾಪಟ್ಟಣ ದಾಟಿ ಕೊಪ್ಪದಲ್ಲಿ ಇಳಿದೆ. ದಾರಿಯುದ್ದಕ್ಕೂ ಹೊಗೆಸೊಪ್ಪು ಬೇಯಿಸುವ ವಾಸನೆ. ಮುದ್ದಯ್ಯನವರ ಮಂಡಿ ರಸ್ತೆಗೇ ಇತ್ತು. ಮಣ್ಣು ಮೆತ್ತಿದ ಶುಂಠಿ ರಾಶಿ, ತಕ್ಕಡಿ. ಇಬ್ಬರು ಟಿಬೆಟಿನ ಸನ್ಯಾಸಿಗಳು ಎರಡು ಕೆಜಿಗೆ ಚೌಕಾಸಿ ಮಾಡುತ್ತಿದ್ದರು. ಅವರು ಹೋಗುವವರೆಗೂ ಕಾದೆ. ಐವತ್ತು ದಾಟಿದ ಮನುಷ್ಯ, ಕಿವಿಯ ಮೇಲೆ ನರೆಗೂದಲು. ನಾನು ಏನಾದರೊಂದು ಕಥೆ ಕಟ್ಟಿ ಹೇಳೋಣ ಅಂತಲೇ ಬಂದಿದ್ದೆ. ಅವರು ಗೋಣಿಚೀಲದ ಮೇಲೆ ಕೂರಿಸಿ, "ಹೇಳಿ" ಅಂದಾಗ ಕಥೆ ಬರಲಿಲ್ಲ. ಡ್ರಾಯರಿನಿಂದ ಹಿಡಿದು ಗಿಳಿಹಸಿರು ಸೀರೆಯವರೆಗೂ ಎಲ್ಲ ಹೇಳಿದೆ. ಗುರುತಿಲ್ಲದವರ ಮುಂದೆ ಹೇಳುವುದು ಎಷ್ಟು ಸುಲಭ ಅನ್ನಿಸಿ ಇನ್ನೂ ನಾಚಿಕೆಯಾಯಿತು.

ಮುದ್ದಯ್ಯ ಪೂರ್ತಿ ಕೇಳಿದರು. ಬೈಯಲಿಲ್ಲ.

"ಸಿಮ್ ತಕ್ಕಂಡು ಎರಡು ವಾರ ಆಗಿರ್ಬೇಕು" ಅಂದರು. "ಸೋಮವಾರ ಒಂದ್ಸಲ ಹೊಡ್ಕಂಡು ನಿಲ್ತು. ಮುಂದಿನ ಸೋಮವಾರನೂ ಹಂಗೇ. ಯಾರೋ ಗಿರಾಕಿ ಇರ್ಬೇಕು ಅಂತ ನಾನು ತಿರುಗಿ ಮಾಡ್ದೆ. ಎತ್ತಿದ್ದೇ ತಡ ಒಂದು ಹೆಣ್ಮಗಳು ಉಸ್ರು ಬಿಡದಂಗೆ ಹೇಳ್ಬುಡ್ತು. 'ಅವ್ವಾ, ಹೆಣ್ಮಗು ಕಣವ್ವ, ನಾಕು ತಿಂಗ್ಳಾಯ್ತು, ನಿನ್ನಂಗೇ ಅದೆ ಕಣವ್ವ, ಒಂದ್ಸಲ ಬಾರವ್ವ' ಅಂತ. ನಾನು ಏನಂತ ಹೇಳ್ಲಿ ಹೇಳಿ? 'ಯಾರಮ್ಮ ನೀನು' ಅಂದೆ. ಕಟ್ ಆಯ್ತು. ಆಮೇಲೆ ಬರ್ಲಿಲ್ಲ." ಅವರು ಮುಖ ಒರೆಸಿಕೊಂಡರು. "ನಂಗೂ ಹೆಣ್ಮಕ್ಳವ್ರೆ ಕಣ್ರೀ. ಅದು ನಾನು ಕೇಳೋ ಸುದ್ದಿ ಅಲ್ಲ ಅಂತ ಅವತ್ತಿಂದ ಮನಸ್ಸಲ್ಲಿ ಕೊರೀತಾನೇ ಇತ್ತು. ನಂಬರು ಅಳಿಸಕ್ಕೆ ಮನಸ್ಸಾಗ್ಲಿಲ್ಲ."

ನಂಬರನ್ನು ಚೀಟಿಯ ಮೇಲೆ ಬರೆದುಕೊಂಡೆ. ಅವರು ಎರಡು ಸಲ ಓದಿಸಿ ಸರಿಯಿದೆಯಾ ನೋಡಿಕೊಂಡರು. "ನೀವು ಮಾಡ್ಬ್ಯಾಡಿ. ತಾಯಿ ಕೈಲಿ ಮಾಡ್ಸಿ. ಮಾಡಿದ್ದನ್ನ ಅವರ ಮುಂದೆ ಒಪ್ಕೊಂಡ್ಬುಡಿ" ಅಂತ ಹೇಳಿ ಕಳಿಸಿದರು.

ಅತ್ತೆಯ ಊರು ಮುಟ್ಟುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ಮಾವ ಗದ್ದೆಗೆ ನೀರು ಕಟ್ಟಲು ಹೋಗಿದ್ದರು. ಅತ್ತೆ ನಡುಮನೆಯಲ್ಲಿ ಕೂತು ಎಡೆಯ ಅಡಿಗೆಗೆ ಅವರೆಕಾಳು ಹಸನು ಮಾಡುತ್ತಿದ್ದಳು. ನಾನು ನಿಂತೇ ಹೇಳಿದೆ.

"ಅತ್ತೆ, ರೂಪ ಇದಾಳೆ. ಹೆಣ್ಮಗು ಆಗಿದೆ. ಇಬ್ಬರೂ ಚೆನ್ನಾಗಿದಾರೆ."

ಅವಳ ಕೈ ಮೊರದ ಮೇಲೆ ಹಾಗೇ ನಿಂತಿತು. ಅವಳು ಕೇಳುವ ಮೊದಲೇ ಉಳಿದದ್ದನ್ನೂ ಹೇಳಿಬಿಟ್ಟೆ. ತಡೆದರೆ ಮತ್ತೆ ಬಾಯಿ ಬರುವುದಿಲ್ಲ ಅಂತ ಗೊತ್ತಿತ್ತು. "ನಿನ್ನ ಫಾರಂ ನಾನು ಕಳಿಸ್ಲೇ ಇಲ್ಲ. ಬೇಕೂಂತ್ಲೇ ಡ್ರಾಯರಲ್ಲಿ ಇಟ್ಕೊಂಡೆ. ನಿನ್ನ ಕೈಲಿರೋದು ಬೇರೆ ನಂಬರು. ಅವಳು ಬಾರಿಸಿದ್ದು ಇನ್ಯಾರಿಗೋ ಹೋಯ್ತಿತ್ತು."

ಅತ್ತೆ ನನ್ನ ಮುಖ ನೋಡಿದಳು. ಬೈದಿದ್ದರೆ, ಕೈಗೆ ಸಿಕ್ಕಿದ್ದು ತೆಗೆದು ಹೊಡೆದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಎದ್ದು ಹೋಗಿ ಗೂಡಿನಿಂದ ಫೋನು ತಂದಳು.

"ನಂಬರು ಒತ್ತು."

ಒತ್ತಿ ಕೊಟ್ಟೆ. ಅವಳು ಅದನ್ನು ಕಿವಿಗೆ ಹಿಡಿದು ದೇವರ ಗೂಡಿನ ಕಡೆ ಬೆನ್ನು ಹಾಕಿ ನಿಂತಳು. ಕೆಂಪು ಗುಂಡಿಯ ಹತ್ತಿರ ಅವಳ ಬೆರಳು ಹೋಗಲಿಲ್ಲ.

"ಮಗ," ಅಂದಳು. "ನಾನು ಕಣೆ. ನಿಮ್ಮವ್ವ."

ಆಮೇಲೆ ಬಹಳ ಹೊತ್ತು ಆ ಕಡೆಯ ಅಳು ನನಗೂ ಕೇಳುತ್ತಿತ್ತು. ಅತ್ತೆ ಅಳಲಿಲ್ಲ. ಒಂದೊಂದೇ ಕೇಳಿದಳು. ಎಲ್ಲಿದ್ದೀರ, ಸರಗೂರಲ್ಲಾ. ಎರಿಗೆ ಯಾವತ್ತಾಯ್ತು. ಏನ್ ಎಸರಿಟ್ರಿ. ಆಲು ಸಾಕಾಯ್ತದಾ. ಆಮೇಲೆ, "ಎಣ್ಣೆ ನೀರು ಯಾರಾಕುದ್ರು ನಿಂಗೆ?" ಅಂದಳು. ಉತ್ತರ ಕೇಳಿಸಿಕೊಂಡು ಗೋಡೆ ಹಿಡಿದು ಕೂತಳು. "ನೀನೇ ಉಯ್ಕಂಡ್ಯಾ, ಮಗ" ಅಂದಳು. "ಎಷ್ಟು ದಿನಕ್ಕೆದ್ದೆ? ಮೂರೇ ದಿನಕ್ಕಾ?"

ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಹೊರಗೆ ಹೋಗಲೂ ಆಗಲಿಲ್ಲ.

ರೂಪ ಏನೋ ಕೇಳಿರಬೇಕು. ಅತ್ತೆ ತಟ್ಟನೆ ತಲೆಯೆತ್ತಿ ನನ್ನನ್ನು ನೋಡಿದಳು. "ನಂಬರು ಯಾಕೆ ಕಟ್ಟಾಗಿತ್ತು ಅಂತನಾ? ಶಿವ ಇಲ್ಲೇ ಅವ್ನೆ. ಅವ್ನೇ ಏಳ್ತನೆ, ಕೇಳು" ಅಂದು ಫೋನನ್ನು ನನ್ನ ಕಡೆ ಚಾಚಿದಳು.

ತೆಗೆದುಕೊಂಡೆ. "ಬಾವ?" ಅಂತು ಆ ದನಿ. ಒಂದೂಕಾಲು ವರ್ಷದ ಮೇಲೆ.

"ಅಪ್ಪ ಸಿಮ್ಮು ಮುರ್ದಾಕವ್ರೆ ಅಂದ್ಕಂಡೆ ಬಾವ. ಆಮ್ಯಾಕೆ ಅವ್ವನೇ ನಂಬರು ಮಾರ್ಕಂಡ್ಲು, ನಾನು ಬ್ಯಾಡವಾದೆ ಅಂದ್ಕಂಡೆ. ನಿಂಗೆ ಅಷ್ಟು ಮಾಡಿದ್ಮೇಲೂ ನೀನೇ ನನ್ನ ಉಡುಕ್ಬುಟ್ಟಲ್ಲ. ಈ ಉಪ್ಕಾರ ನಾನು ಸಾಯೋ ಗಂಟ ಮರೆಯಕಿಲ್ಲ ಕಣ್ ಬಾವ." ಹಿಂದೆ ಮಗು ರಾಗ ಎಳೆಯುತ್ತಿತ್ತು. "ಯಾಕಂಗಾಯ್ತು ಬಾವ?"

ಅತ್ತೆ ಮೊರದ ಪಕ್ಕದಲ್ಲಿ ಕೂತು ನನ್ನ ಬಾಯನ್ನೇ ನೋಡುತ್ತಿದ್ದಳು. ಮುದ್ದಯ್ಯನವರ ಮುಂದೆ ಹೇಳಿದ್ದೆ, ಅತ್ತೆಯ ಮುಂದೆ ಹೇಳಿದ್ದೆ. ಇನ್ನೊಂದು ಸಲ ಹೇಳಿದ್ದರೆ ಆಗುತ್ತಿತ್ತು.

"ಅದು ಸರ್ಕಾರದ ರೂಲ್ಸು ಕಣೆ" ಅಂದೆ. "ಆ ಟೈಮಲ್ಲಿ ಎಲ್ಲಾರ್ದೂ ಕಟ್ಟಾಯ್ತು."

ಅತ್ತೆ ಕಣ್ಣು ಕೆಳಗೆ ಹಾಕಿದಳು. ಫೋನು ವಾಪಸ್ ಕೊಟ್ಟೆ. ಅವಳು, "ಊಂ ಮಗ, ಅಂಗೇ ಆಗದೆ. ನಾಳೀಕೆ ಬತ್ತೀನಿ, ಆಸ್ಪತ್ರೆ ತಾವ ಬಂದು ನಿಂತ್ಕಳಕ್ಕೆ ಏಳು ನಿನ್ ಗಂಡಂಗೆ" ಅಂದು ಇಟ್ಟಳು. ಮಗಳಿಗೆ ಅವಳು ನಿಜ ಹೇಳಲಿಲ್ಲ, ಈವತ್ತಿನವರೆಗೂ ಹೇಳಿಲ್ಲ.

ನಾನು ಹೊರಗೆ ಬಂದು ಜಗುಲಿಯ ಮೇಲೆ ಕೂತೆ. ಆ ಮನೆಯ ಅಡಿಗೆಮನೆಯಲ್ಲಿ, ಒಲೆಯ ಮುಂದೆ ಅತ್ತೆಯ ಪಕ್ಕದಲ್ಲೇ ಮಣೆ ಹಾಕಿಕೊಂಡು, ನಾನು ಎಷ್ಟು ಸಾವಿರ ತುತ್ತು ಉಂಡಿದ್ದೇನೋ. ಸ್ವಲ್ಪ ಹೊತ್ತಿಗೆ ಅತ್ತೆ ಬಂದಳು. ಬೀಗರು ನೆಂಟರು ಬಂದಾಗ ತೆಗೆಯುವ ಹೊಳಪಿನ ಲೋಟದಲ್ಲಿ ಕಾಫಿ ತಂದು, ಕೈಗೆ ಕೊಡದೆ, ನನ್ನ ಪಕ್ಕದಲ್ಲಿ ನೆಲದ ಮೇಲಿಟ್ಟಳು.

"ಕುಡ್ಕಂಡು ಒರಡಿ" ಅಂದಳು. "ಬಸ್ಸಿಗೆ ಒತ್ತಾಯ್ತದೆ ನಿಮ್ಗೆ."